ಬಿಳಿ ಪಿಂಗಾಣಿಯ ಮೇಲೆ ಒಂದು ಕೆಂಪು ಗೆರೆ

ನನ್ನ ಅಪ್ಪನ ಉದ್ಯೋಗ ತುಕ್ಕು ತಡೆಯುವುದು. ತಮಾಷೆಗೆ ಹೇಳುತ್ತಿಲ್ಲ. ಹಡಪಸರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಆ್ಯಸಿಡ್ಡಿನಲ್ಲಿ ಅದ್ದಿ, ತೊಳೆದು, ಮೇಲೆ ಸತುವಿನ ಪದರ ಕೂಡಿಸುವ ಶೆಡ್ಡಿಗೆ ಅವನು ಮಧ್ಯಾಹ್ನದ ಪಾಳಿಯ ಮೇಲ್ವಿಚಾರಕ. ಮನೆಗೆ ಬಂದವರಿಗೆಲ್ಲ ತುಕ್ಕಿನ ಬಗ್ಗೆ ಉಪನ್ಯಾಸ ಕೊಡುತ್ತಿದ್ದ. ಅವರ ಚಹಾ ಆರಿಹೋಗುವ ತನಕ ಕೊಡುತ್ತಿದ್ದ. ಅಂಥವನ ಮನೆಯ ಸಂಡಾಸದ ಬಿಳಿ ಪಿಂಗಾಣಿಯ ಮೇಲೆ, ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಬೆರಳಗಲದ ಕೆಂಪು ಗೆರೆಯೊಂದು ಮೂಡಿತು. ಮೂಡಿದ್ದು ಎರಡು ತಿಂಗಳು ಹೋಗಲೊಲ್ಲದು.

ಇದನ್ನು ನಾನು ಹಿಂದೆ ಅನೇಕರ ಮುಂದೆ ಹೇಳಿದ್ದೇನೆ. ಚೆನ್ನಾಗಿ ಹೇಳಿದ್ದೇನೆ, ಅಂದರೆ ಸುಳ್ಳು ಬೆರೆಸಿ ಹೇಳಿದ್ದೇನೆ. ಅವ್ವನ ಜಾಣತನ, ಅಪ್ಪನ ಪೆದ್ದುತನ, ಕೊನೆಗೆ ಬೆಳ್ಳಗೆ ಹೊಳೆಯುವ ಪಿಂಗಾಣಿ. ಕೇಳಿದವರು ನಕ್ಕು ಊಟಕ್ಕೆ ಏಳುತ್ತಿದ್ದರು. ಈ ಸಲ ಅಷ್ಟು ಸಲೀಸಾಗಿ ಬಿಡುವುದಿಲ್ಲ.

ಸ್ವಾರಗೇಟಿನಿಂದ ತುಸು ಒಳಗೆ, ಎರಡಂತಸ್ತಿನ ಕಟ್ಟಡದ ಕೆಳಗಿನ ಮನೆ ನಮ್ಮದು. ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ಅಜ್ಜಿ, ಮತ್ತು ನಾನು. ಧಾರವಾಡ ಬಿಟ್ಟು ಈ ಮರಾಠಿ ಊರಿಗೆ ಬಂದು ಎಂಟೊಂಬತ್ತು ವರ್ಷವಾಗಿತ್ತು. ಮೇಲಿನ ಅಂತಸ್ತಿನಲ್ಲಿ ಮನೆಯ ಮಾಲಕ, ನಿವೃತ್ತ ಗುಮಾಸ್ತ. ಪ್ರತಿ ತಿಂಗಳ ಒಂದನೆಯ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ, ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿರುವಾಗ, ಕೈಯಲ್ಲಿ ಟಾರ್ಚು ಹಿಡಿದು ಇಳಿದು ಬರುತ್ತಿದ್ದ. ಗೋಡೆ ನೋಡುತ್ತಿದ್ದ, ನಲ್ಲಿ ತಿರುವುತ್ತಿದ್ದ, ಕೊನೆಗೆ ಸಂಡಾಸದ ಹೊಸ್ತಿಲಲ್ಲಿ ನಿಂತು ಒಳಗೆ ಬೆಳಕು ಬಿಡುತ್ತಿದ್ದ. ಗರ್ಭಗುಡಿಯ ಮುಂದೆ ನಿಂತವನ ಹಾಗೆ ಒಂದು ಕ್ಷಣ ಕಣ್ಣು ಕಿರಿದು ಮಾಡುತ್ತಿದ್ದ. ಪಿಂಗಾಣಿಯ ಸಂಡಾಸ ಆ ಓಣಿಯಲ್ಲಿ ಅವನೇ ಮೊದಲು ಹಾಕಿಸಿದ್ದಂತೆ. ಬೇರೇನನ್ನೂ ಹಾಕಿಸಿರಲಿಲ್ಲವಾದ್ದರಿಂದ ಆ ಹೆಮ್ಮೆ ಅವನಿಗೆ ಬೇಕಾಗಿತ್ತು.

ಏಪ್ರಿಲ್ ಒಂದರಂದು ಟಾರ್ಚು ಗೆರೆಯ ಮೇಲೆ ನಿಂತಿತು.

“ಹಾ ಡಾಗ ಕಸಲಾ?” ಅಂದ. ಇದೆಂಥ ಕಲೆ ಎಂದು.

ಅಪ್ಪ ಇದಕ್ಕಾಗಿ ಕಾಯುತ್ತಿದ್ದವನಂತೆ, ಮೇಲಿದ್ದ, ಸರಪಳಿ ಎಳೆದರೆ ನೀರು ಬಿಡುವ ಕಬ್ಬಿಣದ ಟಾಕಿ ತೋರಿಸಿ, ಅದು ನಿಮ್ಮ ಟಾಕಿಯ ಗಂಜು ಎಂದ. ಮರಾಠಿಯಲ್ಲಿ ತುಕ್ಕಿಗೆ ಗಂಜು ಅನ್ನುತ್ತಾರೆ. ಕಬ್ಬಿಣ, ನೀರು, ಗಾಳಿ ಎಂದು ಉಪನ್ಯಾಸ ಶುರು ಮಾಡಿದ. ಮಾಲಕ ಟಾರ್ಚು ಆರಿಸಿದ.

“ಸಾಹೇಬ, ಟಾಕಿ ತೀಸ ವರ್ಷಾಂಚಿ ಆಹೆ. ಡಾಗ ತುಮಚಾ ಆಹೆ.”

ಟಾಕಿ ಮೂವತ್ತು ವರ್ಷದ್ದು, ಕಲೆ ನಿಮ್ಮದು. ಹನ್ನೊಂದು ತಿಂಗಳ ಕರಾರು ಮೇ ಕೊನೆಗೆ ಮುಗಿಯುತ್ತದೆ. ಜೂನ್ ಒಂದಕ್ಕೆ ಕಲೆ ಕಂಡರೆ ಹೊಸ ಕರಾರಿಗೆ ಸಹಿ ಇಲ್ಲ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡ.

ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ಗೆರೆಯ ಮೇಲೆ ನಿಂತಿದ್ದದ್ದು ಅವಳ ನೌಕರಿ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕನ್ನಡ ಸಾಲಿಯಲ್ಲಿ ಅವಳು ಒಂದು ವರ್ಷದಿಂದ ರಜೆಯ ಮೇಲೆ ಹೋದವರೊಬ್ಬರ ಜಾಗದಲ್ಲಿ ಕಲಿಸುತ್ತಿದ್ದಳು. ಜೂನಿನಿಂದ ಕಾಯಂ ಮಾಡುತ್ತೇವೆಂದು ಹೆಡ್ ಮಾಸ್ತರರು ಹೇಳಿದ್ದರು. ಅಜ್ಜಿಗೆ ಮಡಿಯಲ್ಲಿ ಅಡಿಗೆ ಮಾಡಿಟ್ಟು, ಹತ್ತೂವರೆಯ ಗಂಟೆಗೆ ಸಾಲಿ ಸೇರುವುದು ಈ ಮನೆಯಿಂದ ಮಾತ್ರ ಸಾಧ್ಯವಿತ್ತು. ಈ ಮನೆ ಬಿಟ್ಟರೆ ಹಡಪಸರ. ಅಲ್ಲಿ ಅಪ್ಪನ ಕಾರ್ಖಾನೆಯ ಕ್ವಾರ್ಟರ್ ಖಾಲಿ ಇತ್ತು. ಅಲ್ಲಿಂದ ಎರಡು ಬಸ್ಸು ಬದಲಿಸಿ ಬಂದು ಹೋಗಿ ಮಾಡುತ್ತ ಅಜ್ಜಿಯ ಮಡಿ ಸಂಭಾಳಿಸುವ ಹೆಂಗಸು ಇನ್ನೂ ಹುಟ್ಟಿರಲಿಲ್ಲ.

“ಹೋದ್ರ ಹೋತು ಬಿಡು,” ಅಂದ ಅಪ್ಪ. “ಹಡಪಸರದಾಗ ಕ್ವಾರ್ಟರ್ ಅದ. ನನಗೂ ಬಸ್ಸಿನ ತ್ರಾಸ ತಪ್ತದ.”

“ನಿಮಗ ಕ್ವಾರ್ಟರ್ ಅಲ್ಲೆ ಅದ. ನನ್ನ ಸಾಲಿ ಇಲ್ಲೆ ಅದರಿ.”

“ಸಾಲಿ, ಸಾಲಿ! ಅದೇನ್ ಕಲೆಕ್ಟರ್ ನೌಕರೀನ?”

“ಕಲೆ ತಗಸ್ರಿ ಮೊದಲ. ತುಕ್ಕಿನ ಪಂಡಿತರಲ್ಲೇನು?”

ಅದು ಚುಚ್ಚಿತು. ಅಪ್ಪ ಪಣ ತೊಟ್ಟ.

ಅಪ್ಪನ ಪಣ ಬಣ್ಣಿಸುವ ಮುಂಚೆ ನಮ್ಮ ಸಂಡಾಸದ ಕಾನೂನು ಹೇಳಬೇಕು. ಕಾನೂನು ಮಾಡಿದವಳು ಅಜ್ಜಿ. ಸಂಡಾಸದೊಳಗೆ ಹೋದ ವಸ್ತು ಹೊರಗೆ ಬರುವಂತಿಲ್ಲ. ಮನುಷ್ಯರಿಗೆ ಮಾತ್ರ ವಿನಾಯಿತಿ, ಅದೂ ಕೈಕಾಲು ತೊಳೆದ ಮೇಲೆ. ನೀರು ಹಾಕಿಕೊಳ್ಳಲು ಒಳಗೆ ಒಂದು ವನಸ್ಪತಿ ತುಪ್ಪದ ಖಾಲಿ ಡಬ್ಬಿ ಇತ್ತು. ಹಿತ್ತಾಳೆಯ ತಂಬಿಗೆ ಕೆಡಿಸಬಾರದು, ಪ್ಲಾಸ್ಟಿಕ್ಕಿಗೆ ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ ಎಂದು ಅದನ್ನು ಅಜ್ಜಿ ನಂಬುತ್ತಿರಲಿಲ್ಲ. ಹೀಗಾಗಿ ತಗಡಿನ ಡಬ್ಬಿ. ಅದನ್ನು ಹೊರಗೆ ತಂದು ತಿಕ್ಕುವಂತಿಲ್ಲ, ಬಿಸಿಲಿಗೆ ಇಡುವಂತಿಲ್ಲ. ಹಗಲೂ ರಾತ್ರಿ ಒದ್ದೆಯಾಗಿ ಪಿಂಗಾಣಿಯ ಎಡ ಅಂಚಿನ ಮೇಲೆ ಕೂತಿರುತ್ತಿತ್ತು. ಸೂರ್ಯನನ್ನು ನೋಡದೆ ಮೂರು ವರ್ಷ ಕಳೆದ ಆ ಡಬ್ಬಿಗಿಂತ ಮಡಿವಂತ ವಸ್ತು ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ.

ಮೊದಲ ಭಾನುವಾರ ಅಪ್ಪ ಬ್ಲೀಚಿಂಗ್ ಪುಡಿ ತಂದು ಗೆರೆಯ ಮೇಲೆ ಸುರಿದ. ಮನೆಯೆಲ್ಲ ಈಜುಕೊಳದ ವಾಸನೆ. ಸಂಜೆಗೆ ನೋಡಿದರೆ ಸುತ್ತಲಿನ ಪಿಂಗಾಣಿ ಮೊದಲಿಗಿಂತ ಬೆಳ್ಳಗಾಗಿತ್ತು, ಗೆರೆ ಮೊದಲಿಗಿಂತ ಕೆಂಪಗೆ. ಬ್ಲೀಚಿಂಗ್ ಪುಡಿ ತುಕ್ಕನ್ನು ತೆಗೆಯುವುದಿಲ್ಲ, ಇನ್ನಷ್ಟು ಗಟ್ಟಿ ಕೂಡಿಸುತ್ತದೆ. ಇದು ನನಗೆ ಗೊತ್ತಿತ್ತು. ನಾನು ಆಗ ರಸಾಯನಶಾಸ್ತ್ರದ ಡಿಗ್ರಿ ಎರಡನೆಯ ವರ್ಷದಲ್ಲಿದ್ದೆ. ಗೊತ್ತಿದ್ದೂ ಹೇಳಲಿಲ್ಲ. ಅಪ್ಪ ಸೋಲುವುದನ್ನು ನೋಡುವ ರುಚಿ ಹತ್ತಿತ್ತು.

ಎರಡನೆಯ ಭಾನುವಾರ ಕಾರ್ಖಾನೆಯಿಂದ ತಂತಿ ಬ್ರಷ್ ಬಂತು. ಅಪ್ಪ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತು ಉಜ್ಜಿದ ಸದ್ದು ಮೇಲಿನ ಮಾಲಕನಿಗೆ ಕೇಳಿಸಿ, ಅವನು ಗ್ಯಾಲರಿಯಿಂದ ಬಗ್ಗಿ ನೋಡಿದ. ಗೆರೆ ಮಸುಕಾಯಿತು. ಜೊತೆಗೆ ಪಿಂಗಾಣಿಯ ಮೆರುಗಿನ ಮೇಲೆ ನೂರಾರು ಸಣ್ಣ ಗೀರುಗಳು ಬಿದ್ದವು, ಬ್ರಷ್ಷಿನ ಉಕ್ಕಿನ ಪುಡಿ ಆ ಗೀರುಗಳಲ್ಲಿ ಕೂತಿತು. ಬುಧವಾರದ ಹೊತ್ತಿಗೆ ಅಲ್ಲಿ ಒಂದು ಗೆರೆಯ ಬದಲು ಕೆಂಪು ಗಡ್ಡ ಬೆಳೆದಿತ್ತು.

ಬುಧವಾರ ಸಂಡಾಸ ತೊಳೆಯುವ ಹೆಂಗಸು ಬರುತ್ತಿದ್ದಳು. ಹಿಂದಿನ ಸಂದಿಯ ಬಾಗಿಲಿನಿಂದ ಬಂದು, ಪೊರಕೆ ಫಿನೈಲು ಹಾಕಿ ತೊಳೆದು, ಅದೇ ಬಾಗಿಲಿನಿಂದ ಹೋಗುವವಳು. ವರ್ಷಗಟ್ಟಲೆ ಬಂದಳು, ಅವಳ ಹೆಸರು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಆ ದಿನ ಅವಳು ಪೊರಕೆಯ ತುದಿಯಿಂದ ಡಬ್ಬಿಯನ್ನು ಒಂದು ಸಲ ತಟ್ಟಿ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವ್ವನಿಗೆ ಹೇಳಿದಳು.

“ಡಬಾ ಫೇಕಾ, ಬಾಯಿ. ಡಬಾ ಗಂಜಲಾಯ್.”

ಡಬ್ಬಿ ಎಸೆಯಿರಿ, ಡಬ್ಬಿಗೆ ತುಕ್ಕು ಹಿಡಿದಿದೆ. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ಅವ್ವ ಕೇಳಿದಳು, ಕಿಟಕಿಯಲ್ಲಿ ಓದುತ್ತ ಕೂತಿದ್ದ ನಾನು ಕೇಳಿದೆ, ಒಳಗಿಂದ ಅಜ್ಜಿ ಕೇಳಿದಳು. ಅಜ್ಜಿ ಮಾತ್ರ ಉತ್ತರ ಕೊಟ್ಟಳು, ಅದೂ ಅವಳಿಗಲ್ಲ, ನಮಗೆ.

“ಆಕೀಗೆ ಡಬ್ಬಿ ಬೇಕಾಗ್ಯಾದ, ಅದಕ್ಕ ಹಂಗಂತಾಳ. ನಾವು ಒಗದ್ವಿ ಅಂದ್ರ ಒಯ್ಯಾಕಿ. ಕೊಡಬ್ಯಾಡ್ರಿ.”

ಅಲ್ಲಿಗೆ ಮುಗಿಯಿತು. ಹಿಂದೆ ಈ ಕತೆ ಹೇಳುವಾಗಲೆಲ್ಲ ಈ ಬುಧವಾರವನ್ನು ನಾನು ಕತ್ತರಿಸಿ ಹಾಕುತ್ತಿದ್ದೆ. ಇದನ್ನು ಬಿಟ್ಟರೆ ಕತೆ ಎಷ್ಟು ಚೊಕ್ಕವಾಗುತ್ತಿತ್ತು!

ಮೇ ಒಂದಕ್ಕೆ ಮಾಲಕ ಬಂದು ಕೆಂಪು ಗಡ್ಡ ನೋಡಿದ. “ಏಕ ಮಹಿನಾ” ಎಂದು ಒಂದು ಬೆರಳು ತೋರಿಸಿ ಮೆಟ್ಟಿಲು ಹತ್ತಿದ. ಇನ್ನೊಂದು ತಿಂಗಳು.

ಆಗ ಅಪ್ಪ ಆ್ಯಸಿಡ್ ತಂದ. ಶೆಡ್ಡಿನಲ್ಲಿ ಕಬ್ಬಿಣ ಅದ್ದುವ ಆ್ಯಸಿಡ್ಡು, ಗಾಜಿನ ಬಾಟಲಿಯಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ಅದಕ್ಕೆ ನೀರು ಬೆರೆಸಿ ಸುರಿಯಲು ಒಂದು ಪಾತ್ರೆ ಬೇಕಲ್ಲ? ಅಡಿಗೆಮನೆಯದು ಸಿಗುವಂತಿಲ್ಲ, ಬಚ್ಚಲಿನದು ಸಿಗುವಂತಿಲ್ಲ. ಅಜ್ಜಿ ತನ್ನ ಮಣೆಯ ಮೇಲಿಂದಲೇ ತೀರ್ಪು ಕೊಟ್ಟಳು.

“ಒಳಗ ಡಬ್ಬಿ ಅದಲ್ಲೋ. ಮನೀ ಭಾಂಡೆ ಯಾಕ ಕೆಡಸ್ತೀ?”

ತುಕ್ಕಿನ ಪಂಡಿತ ಆ್ಯಸಿಡ್ಡನ್ನು ತಗಡಿನ ಡಬ್ಬಿಗೆ ಹಾಕಿದ. ಡಬ್ಬಿಯ ಒಳಗಿದ್ದ ತವರದ ತೆಳು ಕವಚವನ್ನು ಆ್ಯಸಿಡ್ ತಿಂದುಹಾಕಿತು, ಒಳಗಿನ ಬರಿ ಕಬ್ಬಿಣ ಬತ್ತಲಾಯಿತು. ಇದೇ ಕೆಲಸವನ್ನು ಅವನು ದಿನಾ ಎಂಟು ಗಂಟೆ ಮಾಡಿಸುತ್ತಿದ್ದ. ಶೆಡ್ಡಿನಲ್ಲಿ ಯಾವನಾದರೂ ಹೀಗೆ ಆ್ಯಸಿಡ್ಡಿನಿಂದ ತೆಗೆದ ಕಬ್ಬಿಣವನ್ನು ಸತು ಕೂಡಿಸದೆ ಒದ್ದೆಯಾಗಿ ಬಿಟ್ಟಿದ್ದರೆ ಅವನ ಏಳು ತಲೆಮಾರು ಜಾಲಾಡುತ್ತಿದ್ದ. ಮನೆಯಲ್ಲಿ ಅವ್ವನ ಮುಂದೆ ಮೀಸೆ ತಿರುವಿದ. ಯಾಕೆಂದರೆ ಗೆರೆ ಐದೇ ನಿಮಿಷದಲ್ಲಿ ಕರಗಿಹೋಗಿತ್ತು.

“ನೋಡಿದೇನು? ಇದಕ್ಕ ಸೈನ್ಸ್ ಅಂತಾರ.”

“ಛೊಲೊ ಆತ್ರಿ,” ಅಂದಳು ಅವ್ವ. ಅವಳ ಮುಖ ಅರಳಿದ್ದು ನನಗೆ ನೆನಪಿದೆ. ಅಥವಾ ಅರಳಬೇಕಾಗಿತ್ತು ಎಂದು ನಾನು ಈಗ ಅರಳಿಸುತ್ತಿದ್ದೇನೆ. ಡಬ್ಬಿ ತನ್ನ ಜಾಗಕ್ಕೆ ಮರಳಿ ಕೂತಿತು. ನಾಲ್ಕನೆಯ ದಿನ ಗೆರೆ ಬಂತು. ಈ ಸಲ ಎರಡು ಬೆರಳಗಲ.

ಅಪ್ಪ ಬೇಕೆಂದೇ ಹೀಗೆ ಮಾಡಿದನೆ? ಹಡಪಸರದ ಕ್ವಾರ್ಟರ್ ಅವನಿಗೆ ಬೇಕಿತ್ತು. ಹೆಂಡತಿ ಕಾಯಂ ಆಗುವುದು ಅಷ್ಟಾಗಿ ಬೇಕಿರಲಿಲ್ಲ. ಎಷ್ಟೋ ವರ್ಷ ನಾನು ಹೌದು, ಬೇಕೆಂದೇ ಮಾಡಿದ ಎಂದು ನಂಬಿದ್ದೆ. ಹಾಗೆ ನಂಬಿದರೆ ಅಪ್ಪನಿಗೆ ಒಂದು ಮಟ್ಟದ ಬುದ್ಧಿ ಒಪ್ಪಿಸಿದ ಹಾಗಾಗುತ್ತದೆ. ಈಗ ನನಗೆ ಅನ್ನಿಸುವುದು ಇಷ್ಟೆ: ಅವನು ನೋಡಲಿಲ್ಲ. ಶೆಡ್ಡಿನ ಕಬ್ಬಿಣ ಮಾತ್ರ ಅವನಿಗೆ ಕಬ್ಬಿಣ. ಅವನ ತಾಯಿಯ ಡಬ್ಬಿ ಕಬ್ಬಿಣವಲ್ಲ, ಪದ್ಧತಿ. ಪದ್ಧತಿಗೆ ತುಕ್ಕು ಹಿಡಿಯುತ್ತದೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ನಾನೇನು ಮಾಡಿದೆ? ಕವನ ಬರೆದೆ. ತುಕ್ಕಿನ ಮೇಲೆ. ಒಂದೂ ಪೂರ್ಣವಿರಾಮವಿಲ್ಲದ, ಸಾಲುಗಳನ್ನು ಮೆಟ್ಟಿಲಿನಂತೆ ಒಡೆದ, ನಾಗರಿಕತೆಯೆಲ್ಲ ಕೆಂಪಗೆ ಸೋರಿಹೋಗುವ ಕವನ. ಗೆಳೆಯರು ಸೈಕ್ಲೋಸ್ಟೈಲ್ ಮಾಡಿಸುತ್ತಿದ್ದ ಪತ್ರಿಕೆಯಲ್ಲಿ ಅದು ಬಂತು, ಪುಟಕ್ಕೆ ಮಸಿ ಹೆಚ್ಚಾಗಿ ಅರ್ಧ ಓದಲು ಬರುತ್ತಿರಲಿಲ್ಲ. ಓದಲು ಬರುವ ಅರ್ಧವೂ ಹಾಗೇ ಆಗಿದ್ದರೆ ಒಳ್ಳೆಯದಿತ್ತು. ಕವನದ ಕರಡನ್ನು ನಾನು ತಿದ್ದಿದ್ದು ಎಲ್ಲಿ ಕೂತು ಎಂದರೆ ಅದೇ ಡಬ್ಬಿಯ ಪಕ್ಕದಲ್ಲಿ. ದಿನಾ ಕೈಯಾರೆ ಎತ್ತುತ್ತಿದ್ದೆ, ದಿನಾ ಅದೇ ಜಾಗಕ್ಕೆ ಇಡುತ್ತಿದ್ದೆ.

ಮೇ ತಿಂಗಳು ಸಾಲಿಗೆ ಸೂಟಿ. ಅವ್ವ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ, ಅಜ್ಜಿ ಮಲಗಿದ್ದಾಗ, ಅವಳು ಸಂಡಾಸದ ಬಾಗಿಲು ಪೂರಾ ತೆಗೆದು ಹೊರಗಿನ ಬೆಳಕು ಒಳಗೆ ಬೀಳುವ ಹಾಗೆ ಮಾಡಿ ಹೊಸ್ತಿಲಲ್ಲಿ ಕೂತಳು. ಎಷ್ಟು ಹೊತ್ತು ಕೂತಿದ್ದಳೋ. ನನ್ನನ್ನು ಕರೆದಳು.

“ಏ, ಬಾ ಇಲ್ಲೆ. ಟಾಕೀ ನೀರು ಎಲ್ಲಿಂದ ಬರ್ತದ?”

“ಹಿಂದಿನಿಂದ.”

“ಕೆಂಪು ಎಲ್ಲಿಂದ ಸುರು ಆಗ್ಯದ?”

ನೋಡಿದೆ. ಎಡಗಡೆಯಿಂದ. ಟಾಕಿಯ ನೀರು ಬೀಳುವ ಹಿಂಬದಿ ಬೆಳ್ಳಗೇ ಇತ್ತು. ಅವ್ವ ಒಂದು ಕಟ್ಟಿಗೆಯಿಂದ ಡಬ್ಬಿಯನ್ನು ಸರಿಸಿದಳು. ಅಡಿಯಲ್ಲಿ ಬಳೆಯಷ್ಟು ದುಂಡಗಿನ ಕೆಂಪು ಮುದ್ರೆ, ಅದರಿಂದ ಕೆಳಗೆ ಇಳಿದ ಗೆರೆ.

“ಆಕಿ ಅಂದಿದ್ಲಲ್ಲೋ,” ಅಂದಳು ಅವ್ವ. “ಡಬ್ಬಿ ಒಗೀರಿ ಅಂತ.”

ನಾನು ಬಗ್ಗಿ ಮುದ್ರೆ ನೋಡಿದೆ.

“ನೀ ಏನೋ ಕಲೀತಿ ಆ ಕಾಲೇಜಿನಾಗ?”

ಅವಳು ಕಟ್ಟಿಗೆಯಿಂದಲೇ ಡಬ್ಬಿಯನ್ನು ಹಿತ್ತಲಿಗೆ ಉರುಳಿಸಿ ನಲ್ಲಿಯ ಹಿಂದಿನ ಮೂಲೆಗೆ ತಳ್ಳಿದಳು. ಅಡಿಗೆಮನೆಗೆ ಹೋಗಿ ಹುಣಸೆಹಣ್ಣಿನ ಮುದ್ದೆಯನ್ನು ಎರಡು ಹೋಳು ಮಾಡಿದಳು. ಒಂದು ಹೋಳು ಸಾರಿಗೆ ಎತ್ತಿಟ್ಟು, ಇನ್ನೊಂದನ್ನು ಸ್ವಲ್ಪ ನೀರಲ್ಲಿ ಕಿವುಚಿ, ಉಪ್ಪು ಸೇರಿಸಿ, ದೇವರ ಹಿತ್ತಾಳೆ ಸಾಮಾನು ತಿಕ್ಕುವಾಗ ಮಾಡುವ ಹಾಗೆಯೇ ರಾಡಿ ಮಾಡಿದಳು. ಹಳೆಯ ಬಟ್ಟೆಯ ತುಂಡಿಗೆ ಅದನ್ನು ಮೆತ್ತಿ, ಪಿಂಗಾಣಿಯನ್ನು ಮೊದಲು ಒಣಗಿಸಿ, ಗೆರೆಯ ಉದ್ದಕ್ಕೂ ಪಟ್ಟಿ ಕಟ್ಟಿದ ಹಾಗೆ ಅಂಟಿಸಿದಳು. ಮೂರು ತಾಸು ಮನೆಯ ಯಾರೂ ಒಳಗೆ ಹೋಗಕೂಡದು ಎಂದಳು. ಮಾತನ್ನು ಯಾರೂ ಮೀರಲಿಲ್ಲ. ಅಜ್ಜಿ ಎದ್ದು ಸಂಕಟಪಡುತ್ತ ಓಡಾಡಿದಳು. ಪಟ್ಟಿ ತೆಗೆದಾಗ ಬಟ್ಟೆ ಕಂದು, ಪಿಂಗಾಣಿ ಬಿಳಿ. ಗೀರುಗಳಲ್ಲಿ ಉಳಿದದ್ದನ್ನು ಇನ್ನೂ ಎರಡು ಮಧ್ಯಾಹ್ನ ಮತ್ತೆ ಮತ್ತೆ ಹಾಗೆಯೇ ಎಳೆದಳು. ತಿಕ್ಕಲಿಲ್ಲ. ಕಾದಳು. ಪೇಟೆಯಿಂದ ಒಂದು ಹಸಿರು ಪ್ಲಾಸ್ಟಿಕ್ ಮಗ್ಗು ತಂದು ಮೊಳೆಗೆ ತೂಗುಹಾಕಿದಳು, ತಳಕ್ಕೆ ನೀರು ನಿಲ್ಲದ ಹಾಗೆ, ಬಾಯಿ ಕೆಳಗೆ ಮಾಡಿ.

ಅಜ್ಜಿಗೆ ಎರಡು ಆಘಾತ. ಮಗ್ಗು ಒಂದು, ಹುಣಸೆಹಣ್ಣು ಇನ್ನೊಂದು.

“ದೇವರ ಸಾಮಾನು ತಿಕ್ಕೂ ಹುಣಸಿಹಣ್ಣು ಸಂಡಾಸಕ್ಕ ಹಚ್ಚಿದೇನ? ಸಂಡಾಸ ತಿಕ್ಕಿದ ಕೈಲೆ ನನಗ ಅನ್ನ ಹಾಕ್ತೀಯೇನ?”

“ತಲೀಮ್ಯಾಲೆ ನೀರು ಹಾಕ್ಕೊಂಡೀನ್ರಿ ಅತ್ತಿ. ಮೂರು ದಿನಾ ಮೂರು ಸರ್ತೆ.”

“ನೀರಿಲೆ ಹೋಗೂದೇನದು!”

“ಹುಣಸಿಹಣ್ಣಿಲೆ ಹೋತಲ್ರಿ.”

ಅಜ್ಜಿ ಎಂಟು ದಿನ ಅವ್ವ ಮಾಡಿದ ಅನ್ನ ಮುಟ್ಟಲಿಲ್ಲ. ಅವಲಕ್ಕಿಗೆ ಮೊಸರು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ತಿಂದಳು. ಒಂಬತ್ತನೆಯ ದಿನ ಸಾರಿನ ವಾಸನೆಗೆ ತಿರುಗಿ ಕೂತಳು. ತತ್ತ್ವಗಳು ನಮ್ಮ ಮನೆಯಲ್ಲಿ ಎಂಟು ದಿನಕ್ಕಿಂತ ಹೆಚ್ಚು ಬಾಳಿದ್ದನ್ನು ನಾನು ಕಂಡಿಲ್ಲ.

ಜೂನ್ ಒಂದಕ್ಕೆ ಮಾಲಕ ಟಾರ್ಚು ತಂದ. ಬೆಳಕನ್ನು ಹಿಂದೆ ಬಿಟ್ಟ, ಮುಂದೆ ಬಿಟ್ಟ, ಎಡಕ್ಕೆ ಬಿಟ್ಟ. ಟಾರ್ಚಿನ ತಪ್ಪೇನೋ ಎಂದು ಒಂದು ಸಲ ಅಂಗೈಗೆ ತಟ್ಟಿಕೊಂಡ. ಅಪ್ಪ ಪಕ್ಕದಲ್ಲಿ ನಿಂತು, ಸಾವಯವ ಆಮ್ಲ ಎಂದು ಶುರು ಮಾಡಿದ. ಅವನಿಗೆ ಎರಡು ದಿನದಲ್ಲಿ ಹುಣಸೆಹಣ್ಣಿನ ಶಾಸ್ತ್ರವೆಲ್ಲ ಕರಗತವಾಗಿತ್ತು. ಮಾಲಕ ಅವನನ್ನು ದಾಟಿ ಅವ್ವನ ಕಡೆ ನೋಡಿದ.

“ವಹಿನಿ, ಓರಖಡೆ ಪಡಲೇತ ಪಣ.” ಅತ್ತಿಗೆ, ಗೀರುಗಳು ಬಿದ್ದಿವೆ ಆದರೆ, ಎಂದ.

“ಡಾಗ ಆಹೆ ಕಾ?” ಅಂದಳು ಅವ್ವ. ಕಲೆ ಇದೆಯೇ?

ಇರಲಿಲ್ಲ. ಮೇಲೆ ಹೋಗಿ ಕಾಗದ ತಂದು ಸಹಿ ಹಾಕಿದ. ಕೆಲವೇ ದಿನಗಳಲ್ಲಿ ಸಾಲಿ ಶುರುವಾಯಿತು, ಅವ್ವ ಕಾಯಂ ಆದಳು. ನಾನು ಕತೆ ನಿಲ್ಲಿಸುತ್ತಿದ್ದದ್ದು ಇಲ್ಲೇ.

ಆದರೆ ಬ್ರಷ್ಷಿನ ಗೀರುಗಳು ಎಲ್ಲಿಗೂ ಹೋಗಿರಲಿಲ್ಲ. ಮೆರುಗು ಹೋದ ಪಿಂಗಾಣಿ ಸಿಕ್ಕ ಸಿಕ್ಕ ಕೊಳೆ ಹಿಡಿಯುತ್ತದೆ. ದಿನಾ ಒರೆಸಿ ಒಣಗಿಸಿದರೆ ಮಾತ್ರ ಬೆಳ್ಳಗಿರುತ್ತದೆ. ದಿನಾ ಸಾಲಿಗೆ ಹೋಗುವ ಮುಂಚೆ, ಸ್ನಾನಕ್ಕೆ ಮುಂಚೆ, ಅವ್ವ ಒರೆಸುತ್ತಿದ್ದಳು. ಆ ಮನೆಯಲ್ಲಿ ಇದ್ದಷ್ಟು ಕಾಲ ಒರೆಸಿದಳು. ಪಂಡಿತನೂ ಒರೆಸಲಿಲ್ಲ, ಕವಿಯೂ ಒರೆಸಲಿಲ್ಲ.

ಜೂನಿನ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಅಪ್ಪ ಅಂದ, “ದಿನಾ ನೀನ ಒರಸ್ತೀ ಅಂದಮ್ಯಾಲೆ ಆ ಬುಧವಾರದಾಕಿ ಯಾಕ ಬೇಕು?”

ಅಜ್ಜಿ ಹೌದು ಹೌದು ಎಂದಳು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವ್ವ ಬಾಯಿ ತೆರೆದಳು ಎಂದು ಬರೆಯಬೇಕೆನ್ನಿಸುತ್ತದೆ. ಅವಳು ಗಡಿಯಾರ ನೋಡಿದಳು. ಹತ್ತಾಗಿತ್ತು.

ಅವತ್ತು ಬುಧವಾರವೇ. ಆ ಹೆಂಗಸು ಹಿತ್ತಲ ಬಾಗಿಲಲ್ಲಿ ನಿಂತಾಗ ಇನ್ನು ಬರಬೇಡ ಎಂದು ಅಪ್ಪ ಒಳಗಿನಿಂದಲೇ ಹೇಳಿದ. ಅವಳು ಹೋಗುವ ಮುನ್ನ ಇನ್ನೊಮ್ಮೆ ಒಳಗೆ ಇಣುಕಿ ಪಿಂಗಾಣಿ ನೋಡಿದಳು, ಮೊಳೆಯಲ್ಲಿದ್ದ ಹಸಿರು ಮಗ್ಗು ನೋಡಿದಳು.

“ಡಬಾ ಕಾಢಲಾ ನಾ,” ಅಂದಳು. ಡಬ್ಬಿ ತೆಗೆದಿರಲ್ಲ. ಅಷ್ಟೆ.

ನಲ್ಲಿಯ ಹಿಂದೆ ಡಬ್ಬಿ ಇನ್ನೂ ಬಿದ್ದಿತ್ತು. ಒಂದು ತಿಂಗಳಿನಿಂದ ಅದನ್ನು ಎತ್ತಿ ಹೊರಗೆ ಹಾಕುವ ಕೈ ನಮ್ಮ ಮನೆಯಲ್ಲಿ ಇರಲಿಲ್ಲ. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು.

“ನೋಡಿದ್ರೇನು?” ಅಜ್ಜಿ ಗೆದ್ದ ದನಿಯಲ್ಲಿ ಅಂದಳು. “ನಾ ಅವತ್ತ ಹೇಳಿದ್ದಿಲ್ಲೇನು, ಆಕೀಗೆ ಡಬ್ಬಿ ಬೇಕಾಗಿತ್ತಂತ?”

ಅದೇ ಹೊತ್ತಿಗೆ ಅವ್ವ ಚೀಲ ಹೆಗಲಿಗೇರಿಸಿ ಮುಂದಿನ ಬಾಗಿಲಿನಿಂದ ಸಾಲಿಗೆ ಹೊರಟಳು. ಹಿಂದಿನ ಸಂದಿ ಓಣಿಗೇ ಕೂಡುತ್ತಿದ್ದರಿಂದ ತಿರುವಿನ ತನಕ ಇಬ್ಬರದೂ ಒಂದೇ ದಾರಿ. ಮುಂಬದಿಯ ಕಿಟಕಿಯಿಂದ ನೋಡಿದೆ: ಮುಂದೆ ಆ ಹೆಂಗಸು, ಹಿಂದೆ ಅವ್ವ. ನಡುವೆ ಎಷ್ಟು ಅಂತರವಿತ್ತೋ ನೆನಪಿಲ್ಲ, ಅವ್ವ ಏನಾದರೂ ಕರೆದಳೋ ತಿಳಿಯದು. ತಿರುವಿನಲ್ಲಿ ಕಸದ ತೊಟ್ಟಿ ಇತ್ತು. ಅವಳು ಡಬ್ಬಿಯನ್ನು ಅದರೊಳಗೆ ಎಸೆದು, ಕೈಯನ್ನು ಸೀರೆಗೆ ಒರೆಸಿಕೊಂಡು ಎಡಕ್ಕೆ ಹೋದಳು. ಅವ್ವ ಗಂಟೆ ಹೊಡೆಯುವುದರೊಳಗೆ ಮುಟ್ಟಬೇಕಾಗಿತ್ತು, ಬಲಕ್ಕೆ ಹೋದಳು.